ಹಿರಿಸೊಸೆ ತಟ್ಟಿ ನೋಡಿದ ಗೋಡೆ

ಮಣ್ಣಿನ ಗೋಡೆ ಮೆತ್ತುವುದರಲ್ಲಿ ಹಿರಿಸೊಸೆಯನ್ನು ಮೀರಿಸುವವರು ಆ ಓಣಿಯಲ್ಲಿರಲಿಲ್ಲ. ಕಲಿಸಿದವರು ಅತ್ತೆ. ಜೇಡಿಮಣ್ಣಿಗೆ ಹುಲ್ಲಿನ ಚೂರು ಬೆರೆಸಿ, ಎರಡು ದಿನ ನೆನೆಹಾಕಿ, ಕಾಲಲ್ಲಿ ತುಳಿದು, ಅಂಗೈಯಲ್ಲಿ ಬಳಿದು, ಒಣಗಿದ ಮೇಲೆ ಸುಣ್ಣ. ಮಳೆಗಾಲಕ್ಕೆ ಮುಂಚೆ ಅರ್ಧ ಊರು ಅವಳ ಕೈಗಾಗಿ ಕಾಯುತ್ತಿತ್ತು. ಅವಳಿಗೆ ಆ ಜಂಬವೂ ಇತ್ತು. ಇರಲಿ ಬಿಡಿ, ದುಡಿದು ಗಳಿಸಿದ ಜಂಬ.

ಒಂದೇ ಮನೆ, ಎರಡು ಪಾಲು: ಎಡಕ್ಕೆ ಅವಳು, ಬಲಕ್ಕೆ ಓರಗಿತ್ತಿ. ಆ ವರ್ಷ ಓರಗಿತ್ತಿ ತನ್ನ ಪಾಲಿನ ಮಣ್ಣಿನ ಗೋಡೆಗೆ ಒಳಗೂ ಹೊರಗೂ ಸಿಮೆಂಟು ಬಳಿಸಿ ಹಸಿರು ಬಣ್ಣ ಹೊಡೆಸಿದಳು. ದಾರಿಹೋಕರು ನಿಂತು ನೋಡತೊಡಗಿದರು. ಹಿರಿಸೊಸೆಗೆ ಹೊಟ್ಟೆ ಉರಿಯಿತು. ಅಷ್ಟನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಇವಳಿಗೆ ಮಣ್ಣು ಕಲಿಸಿದ ಅದೇ ಅತ್ತೆ, "ಆ ಕಡೆ ಧೂಳು ಉದುರಲ್ಲ ಕಣೇ, ಕೆಮ್ಮು ಕಡಿಮೆಯಾಗುತ್ತೆ" ಎಂದು ತಮ್ಮ ಮಂಚವನ್ನು ಆ ಹಸಿರು ಗೋಡೆಗೆ ಒತ್ತಿ ಹಾಕಿಸಿಕೊಂಡರು. ಅಂದಿನಿಂದ ಹಿರಿಸೊಸೆಗೆ ಊಟವೂ ರುಚಿಸಲಿಲ್ಲ.

ಮಳೆ ಹಿಡಿದ ಮೂರನೇ ವಾರ, ಓರಗಿತ್ತಿ ಅಂಗಡಿಗೆ ಹೋದ ಹೊತ್ತು ನೋಡಿ, ಹಿರಿಸೊಸೆ ಬೀದಿಯಲ್ಲಿ ನಿಂತು ಆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಡಬ್, ಡಬ್. ಟೊಳ್ಳು. ನೆಲದಿಂದ ಹೀರಿದ ತೇವವನ್ನು ಮಣ್ಣಿನ ಗೋಡೆ ಗಾಳಿಗೆ ಬಿಟ್ಟು ಒಣಗುತ್ತದೆ. ಸಿಮೆಂಟು ಅದಕ್ಕೆ ದಾರಿಯೇ ಕೊಡುವುದಿಲ್ಲ. ಒಳಗಿನ ಮಣ್ಣು ಕಲಸಿದ ಹಿಟ್ಟಾಗಿದೆ ಎಂದು ಅವಳಿಗೆ ತಿಳಿದುಹೋಯಿತು. ಹೇಳಬೇಕಿತ್ತು, ಹೇಳಲಿಲ್ಲ. ಬೀಳಲಿ, ಆಗ ಎಲ್ಲರಿಗೂ ಗೊತ್ತಾಗುತ್ತೆ ಎಂದುಕೊಂಡಳು. ಮರುಕ್ಷಣವೇ ಅತ್ತೆಯ ಮಂಚ ನೆನಪಾಯಿತು. ಸರಿ, ನಾಳೆ ಹೇಳಿದರಾಯಿತು. ಹೀಗೆ ನಾಳೆ ನಾಳೆ ಎನ್ನುತ್ತಲೇ ಒಂಬತ್ತು ದಿನ ಕಳೆದವು.

ಹತ್ತನೆಯ ಬೆಳಿಗ್ಗೆ ಒಳಗಿನ ಸಿಮೆಂಟು ಬಾಗಿಲಗಲ ಕಳಚಿ ಧೊಪ್ಪನೆ ಬಿತ್ತು. ಹಿರಿಸೊಸೆ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಓರಗಿತ್ತಿ ಗುದ್ದಲಿ ತರಲು ಹಿತ್ತಲಿಗೆ ಹೋಗಿದ್ದಳು. ಮಂಚ ಕೋಣೆಯ ನಟ್ಟನಡುವೆ ಇತ್ತು. ಅದರ ಮೇಲೆ ಅತ್ತೆ ಕೂತು ಸೆರಗು ಕೊಡವುತ್ತಿದ್ದರು.

"ಮಂಚ ಗೋಡೆಗಿತ್ತಲ್ಲ ಅತ್ತೆ?"

"ಅವತ್ತು ನೀನು ತಟ್ಟಿದ್ದು ನನ್ನ ತಲೆ ಹತ್ರಾನೇ ಕೇಳಿಸ್ತು. ಆ ಶಬ್ದ ಕಲಿಸಿದೋಳು ನಾನೇ ಅಲ್ವೇನೆ? ಅವತ್ತೇ ಮಂಚ ಇತ್ತ ಎಳೆಸಿಕೊಂಡೆ."

"ಅವಳಿಗೆ ಹೇಳಬಾರದಿತ್ತಾ?"

"ಗೋಡೆ ಟೊಳ್ಳಾಗಿದೆ ಅಂದೆ. ನಂಬಲಿಲ್ಲ. ನೀನು ತಟ್ಟಿದ್ದು ಮಾತ್ರ ಹೇಳಲಿಲ್ಲ. ಅದು ನೀನು ಹೇಳೋ ಮಾತು."

ಅಷ್ಟರಲ್ಲಿ ಓರಗಿತ್ತಿ ಗುದ್ದಲಿ ಹಿಡಿದು ಬಂದಳು. ಹಿರಿಸೊಸೆಯನ್ನು ಕಂಡದ್ದೇ ಅವಳ ಕಣ್ಣು ತುಂಬಿತು.

"ಅತ್ತೆ ಹೇಳಿದ್ರು ಅಕ್ಕ. ನಾನೇ ಜಗಳ ಆಡ್ದೆ. ಅಕ್ಕ ದಿನಾ ಈ ಗೋಡೆ ಮುಂದೇನೇ ಓಡಾಡ್ತಾರೆ, ಏನಾದ್ರೂ ಆಗಿದ್ರೆ ಅವ್ರು ಸುಮ್ನಿರ್ತಿದ್ರಾ ಅಂದೆ."

ಹಿರಿಸೊಸೆ ಓರಗಿತ್ತಿಯ ಕೈಯಿಂದ ಗುದ್ದಲಿ ತೆಗೆದುಕೊಂಡಳು, ಆದರೆ ಅಗೆಯಲಿಲ್ಲ.

"ನಾನು ತಟ್ಟಿ ನೋಡಿದ್ದೆ ಕಣೇ," ಎಂದಳು. "ಒಂಬತ್ತು ದಿನದ ಹಿಂದೆ."