ಬಾಗಿಲು ಹಾಕುವುದೇ ಕೆಲಸ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಮೂರು ಮಹಡಿಯ ಹಳೆಯ ಕಟ್ಟಡದ ತಾರಸಿಯ ಮೇಲೆ ಗಂಡ ಹೆಂಡತಿ ಸೇರಿ ದೊಡ್ಡದೊಂದು ಹೊದಿಕೆಯನ್ನು ಹಿಂಡುತ್ತಿದ್ದಾರೆ. ಅವರು ಎಡಕ್ಕೆ ತಿರುಚಿದರೆ ಇವರು ಬಲಕ್ಕೆ. ನೀರು ಧಾರೆಯಾಗಿ ಇಳಿಯತೊಡಗುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಳ್ಳುತ್ತದೆ. ಹೆಂಡತಿ ತಮ್ಮ ತುದಿಯನ್ನು ಹೆಗಲಿಗೆ ಹಾಕಿಕೊಂಡು ಫೋನೆತ್ತುತ್ತಾರೆ. ಗಂಡ ತಮ್ಮ ತುದಿ ಹಿಡಿದು ನಿಂತೇ ಇರುತ್ತಾರೆ.

"ಅಕ್ಕಾ, ಆ ಬಾಗಿಲು ಮತ್ತೆ ಬಂದಿದೆ."

"ಯಾವುದು?"

"ಅದೇ. ಎಡಗಡೆ ಹಿಂದಿನದು."

"ಮೂರು ಸಲ ಗೀಟು ಹಾಕಿ ವಾಪಸ್ ಕಳಿಸಿದೀನಲ್ಲಪ್ಪಾ."

"ಮೀಟರಲ್ಲಿ ಎಲ್ಲಾ ಸರಿಯಾಗೇ ತೋರಿಸ್ತಿದೆ ಅಕ್ಕಾ. ಇನ್ನೊಂದ್ಸಲ ಬಂದು ನೋಡ್ಬಿಡಿ."

"ಬಟ್ಟೆ ಹಿಂಡಿ ಬರ್ತೀನಿ. ಬಾಗಿಲೇನು ಕಾಲು ಕಿತ್ಕೊಂಡು ಓಡಿ ಹೋಗಲ್ಲ."

ಫೋನಿಟ್ಟು ಮತ್ತೆ ತುದಿ ಹಿಡಿಯುತ್ತಾರೆ. ಬಸ್ ಕಂಡಕ್ಟರ್ ಆಗಿರುವ ಗಂಡ, ಹೆಂಡತಿಯ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದಿರುವ ನನ್ನ ಕಡೆ ತಿರುಗುತ್ತಾರೆ. "ನೋಡಿ, ಇವಳಿಗೆ ಬಾಗಿಲು ಹಾಕೋದಕ್ಕೆ ಸಂಬಳ. ನಾನು ಮೂವತ್ತು ವರ್ಷದಿಂದ ಈ ಮನೆ ಬಾಗಿಲು ಪುಕ್ಕಟೆ ಹಾಕ್ತಿದೀನಿ."

"ನೀವು ಹಾಕೋದಲ್ಲ, ಒದೆಯೋದು," ಎನ್ನುತ್ತಾರೆ ಹೆಂಡತಿ.

ಇವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಬಾಗಿಲಕ್ಕ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತಾರು. ಮೂತಿಯ ಮೇಲೆ ಬೆಳ್ಳಿಯ ಗರಿಯಿರುವ, ರಸ್ತೆಯಲ್ಲಿ ಹೋದರೆ ಟ್ರಾಫಿಕ್ ಪೊಲೀಸರೂ ಎತ್ತಿದ ಕೈ ಮರೆತು ನೋಡುವ ಆ ಕಾರು ತಯಾರಾಗುವುದು ಇವರ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದಲ್ಲಿ. ಕಾರು ಪೂರ್ತಿಯಾಗಿ, ಬಣ್ಣ ಒಣಗಿ, ಚರ್ಮದ ಸೀಟುಗಳೆಲ್ಲ ಕೂತ ಮೇಲೆ ಕೊನೆಯದಾಗಿ ಇವರ ಕೋಣೆಗೆ ಬರುತ್ತದೆ. ಇವರು ಬಾಗಿಲು ಹಾಕುತ್ತಾರೆ. ಅಷ್ಟೇ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಅಷ್ಟೇ.

ಒಂದೊಂದು ಬಾಗಿಲನ್ನೂ ಹತ್ತು ಸಲ ಮುಚ್ಚಬೇಕು. ಮೂರು ಸಲ ಜೋರಾಗಿ, ಮೂರು ಸಲ ಮೆಲ್ಲಗೆ, ಮೂರು ಸಲ ಕಿರುಬೆರಳಲ್ಲಿ ತಳ್ಳಿ, ಕೊನೆಯ ಸಲ ಬೆನ್ನು ತಿರುಗಿಸಿ ನಿಂತು. ಸದ್ದು ಸರಿಯಿದ್ದರೆ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಸುನ್ನೆ, ಸರಿಯಿಲ್ಲದಿದ್ದರೆ ಗೀಟು. ಸುನ್ನೆ ಬೀಳದ ಕಾರು ಗೇಟು ದಾಟುವಂತಿಲ್ಲ. ದಿನಕ್ಕೆ ಹದಿನಾಲ್ಕು ಕಾರು, ಕಾರಿಗೆ ನಾಲ್ಕು ಬಾಗಿಲು. ಐನೂರ ಅರವತ್ತು ಸಲವಾಯಿತು. ಒಟ್ಟು ವರ್ಷಗಳ ಲೆಕ್ಕ ಹಾಕಲು ಹೊರಟರೆ ಅವರೇ ತಡೆಯುತ್ತಾರೆ. "ಬೇಡಮ್ಮಾ, ಕೇಳಿದ್ರೇ ಭುಜ ನೋಯತ್ತೆ."

ಕೆಲಸದ ದಿನ ವಾಚು ಕಟ್ಟುವುದಿಲ್ಲ, ಏನನ್ನೂ ಅಗಿಯುವುದಿಲ್ಲ. ನೆಗಡಿಯಾದರೆ ರಜೆ. ಬಾಗಿಲಿನ ಕೋಣೆಯ ಗೋಡೆಗಳಿಗೆಲ್ಲ ದಪ್ಪ ಉಣ್ಣೆಯ ಹಾಸು ಬಡಿದಿದೆ, ಫ್ಯಾನಿಲ್ಲ. ಬೇಸಿಗೆಯಲ್ಲಿ ಹಬೆಯ ಪಾತ್ರೆಯೊಳಗೆ ಕೂತಂತಿರುತ್ತದೆ. ಇಷ್ಟೆಲ್ಲ ಕಟ್ಟುನಿಟ್ಟಿನ ಕೆಲಸಕ್ಕೆ ಹೊರಗಿನ ಪ್ರಪಂಚದಲ್ಲಿ ಹೆಸರೇ ಇಲ್ಲ. ಬ್ಯಾಂಕಿನ ಅರ್ಜಿಯಲ್ಲಿ ಉದ್ಯೋಗ ಏನೆಂದು ಕೇಳಿದಾಗ ಬಾಗಿಲು ಹಾಕುವುದು ಎಂದರಂತೆ. ಗುಮಾಸ್ತರು ತಲೆಯೆತ್ತದೆ ಕಾವಲುಗಾರ್ತಿ ಎಂದು ಬರೆದುಕೊಂಡರಂತೆ. "ಬಿಡಿಸಿ ಹೇಳೋಣ ಅಂದ್ರೆ ಹಿಂದೆ ಕ್ಯೂ ಇತ್ತು. ಇವತ್ತಿಗೂ ಆ ಬ್ಯಾಂಕಲ್ಲಿ ನಾನು ಕಾವಲುಗಾರ್ತಿನೇ."

ಮನೆಯಲ್ಲಿ ಕಪಾಟು, ಡಬ್ಬಿ, ಕಿಟಕಿ ಎಲ್ಲದರ ಅಂಚಿಗೂ ಬಟ್ಟೆಯ ಚೂರು ಅಂಟಿಸಿದ್ದಾರೆ. "ನಮ್ಮನೇಗೆ ಕಳ್ಳ ಬಂದ್ರೆ ಗೊತ್ತೇ ಆಗಲ್ಲ," ಎಂದು ಗಂಡನ ದೂರು. "ಅವನಿಗಷ್ಟು ಅನುಕೂಲ ಮಾಡಿಟ್ಟಿದಾಳೆ."

ಈ ಕಿವಿ ಬಂದದ್ದು ಕಿವಿಯಿಲ್ಲದ ಮನೆಯಿಂದ. "ನಮ್ಮಪ್ಪನಿಗೆ ವಯಸ್ಸಾದ ಮೇಲೆ ಹುಟ್ಟಿದ ಮಕ್ಕಳು ನಾವು, ಅವರಿಗೆ ಕಿವಿ ಮಂದ. ಬಾಗಿಲು ದಢಾರ್ ಅಂತ ಹಾಕಿದ್ರೆ ಮಾತ್ರ ಯಾರೋ ಬಂದ್ರು ಅಂತ ಅವರಿಗೆ ಗೊತ್ತಾಗ್ತಿತ್ತು. ನಾವು ಐದು ಜನ ಮಕ್ಕಳು, ಐದು ಥರ ಬಡಿತ. ಒಲೆ ಮುಂದೆ ಕೂತೇ ನಾನು ಹೇಳ್ತಿದ್ದೆ, ಇದು ದೊಡ್ಡಣ್ಣ, ಇದು ಚಿಕ್ಕವಳು, ಇವತ್ತು ಇವನು ಶಾಲೇಲಿ ಹೊಡೆತ ತಿಂದು ಬಂದಿದಾನೆ ಅಂತ." ಇಪ್ಪತ್ತೇಳನೆಯ ವಯಸ್ಸಿಗೆ ಕಾರ್ಖಾನೆಗೆ ಸೇರಿದ್ದು ಬಾಗಿಲಿನ ಸುತ್ತ ಕೂರಿಸುವ ರಬ್ಬರ್ ಪಟ್ಟಿ ಕತ್ತರಿಸುವುದಕ್ಕೆ. ಪಕ್ಕದ ಕೋಣೆಯಲ್ಲಿ ಬಾಗಿಲು ತಪ್ಪಾಗಿ ಮುಚ್ಚಿದಾಗಲೆಲ್ಲ ಈ ಹೊಸಬಳ ಕತ್ತರಿ ತಾನಾಗಿ ನಿಲ್ಲುವುದನ್ನು ಆಗಿನ ಬಾಗಿಲಿನ ಯಜಮಾನರು ಗಮನಿಸಿದರು. ವಾರದೊಳಗೆ ಕತ್ತರಿ ಕೆಳಗಿಡಿಸಿ ಆ ಕೋಣೆಗೆ ಕರೆದುಕೊಂಡರು.

ಗರಿ ಕಾರಿಗೆ ಈ ವರ್ಷ ನೂರು ತುಂಬಿದೆ. ಕಂಪನಿಯವರು ನಾಲ್ಕುನೂರ ಹನ್ನೆರಡು ಪುಟದ ಇತಿಹಾಸವನ್ನು ಅಚ್ಚು ಹಾಕಿಸಿದ್ದಾರೆ. ಎರಡು ರಾತ್ರಿ, ಮಗಳನ್ನು ಮಲಗಿಸಿದ ಮೇಲೆ, ಅಷ್ಟನ್ನೂ ಓದಿದೆ. ಸಂಸ್ಥಾಪಕರ ನಾಯಿಯ ಫೋಟೋ ಹನ್ನೊಂದಿವೆ. ಬಾಗಿಲಿನವರ ಫೋಟೋ ಒಂದೂ ಇಲ್ಲ. ಸಂಸ್ಥಾಪಕರು ಸಾರೋಟು ಮಾಡುತ್ತಿದ್ದ ಬಡಗಿ, ಎಂಜಿನ್ನನ್ನು ಬೇರೆಯವರಿಂದ ಕೊಂಡು ತಂದು ಮೊದಲ ಕಾರು ಕಟ್ಟಿದರು, ಆ ಕಾರನ್ನು ಕೊಂಡವರೊಬ್ಬ ವೈದ್ಯರು ಎನ್ನುವವರೆಗೆ ಪುಸ್ತಕ ಸರಿಯಾಗಿದೆ. ಆಮೇಲೆ ಬಾಗಿಲಿನ ವಿಷಯಕ್ಕೆ ಬಂದಾಗ "ಸಂಸ್ಥಾಪಕರ ಅಸಾಧಾರಣ ಶ್ರವಣಶಕ್ತಿ" ಎಂಬ ಒಂದೇ ಸಾಲಿನಲ್ಲಿ ಮುಗಿಸಿ ಮತ್ತೆ ನಾಯಿಯ ಕಡೆ ಹೊರಳುತ್ತದೆ.

ಬಾಗಿಲಕ್ಕ ಈ ಸಾಲನ್ನು ಓದಿಸಿ ಕೇಳಿ ಹಣೆ ಚಚ್ಚಿಕೊಳ್ಳುತ್ತಾರೆ. "ಅವರಿಗೇನು ಕೇಳಿಸ್ತಿತ್ತು, ಸುತ್ತಿಗೆ ಹೊಡೆದೂ ಹೊಡೆದೂ ಅರ್ಧ ಕಿವುಡರು. ಕೇಳಿದ್ದು ಅವರ ಅಕ್ಕ."

ಪುಸ್ತಕದಲ್ಲಿ ಇಲ್ಲದ ಈ ಕತೆ ಬಾಗಿಲಿನವರ ಬಾಯಿಂದ ಬಾಯಿಗೆ ಇಳಿದು ಬಂದದ್ದು. ವೈದ್ಯರು ಆರನೆಯ ದಿನವೇ ಕಾರನ್ನು ವಾಪಸು ತಂದು ನಿಲ್ಲಿಸಿದರಂತೆ. ರೋಗಿಗೆ ಆಗತಾನೆ ನಿದ್ದೆ ಹತ್ತಿರುತ್ತದೆ, ನಿನ್ನ ಬಾಗಿಲು ಅವನನ್ನು ಎಬ್ಬಿಸುತ್ತದೆ ಎಂದರಂತೆ. ಬಡಗಿ ಎಂಟು ತಿಂಗಳು ಬಾಗಿಲಿನ ಜೊತೆ ಗುದ್ದಾಡಿದರು. ಅವರ ಅಕ್ಕ ಆಗ ಬಾಣಂತಿ. ಕೂಸನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಬಾಗಿಲು ಹಾಕುತ್ತಿದ್ದರು. ಕೂಸು ಎದ್ದರೆ ಬಡಗಿ ಮತ್ತೆ ಬಾಗಿಲು ಬಿಚ್ಚಬೇಕು, ಮಲಗಿದ್ದರೆ ಸರಿ. ಅಳುವ ಮಗುವನ್ನು ಮಲಗಿಸುವ ಕಷ್ಟ ಗೊತ್ತಿದ್ದವರು ಆ ಎಂಟು ತಿಂಗಳನ್ನು ಊಹಿಸಿಕೊಳ್ಳಬಹುದು. ಕೂಸು ಒಂದು ಮಧ್ಯಾಹ್ನ ಪೂರ್ತಿ ಏಳದೆ ಮಲಗಿದ ದಿನ ಕಾರು ಮತ್ತೆ ವೈದ್ಯರ ಮನೆಗೆ ಹೋಯಿತು. ಗುರುತಿಗೆ ಗರಿ ಬಂದದ್ದೂ ಆವಾಗಲೇ. ಬಿದ್ದರೂ ಸದ್ದಾಗದ ವಸ್ತು ಅದೊಂದೇ ತಾನೆ.

ಆ ಅಕ್ಕ ಇಪ್ಪತ್ತೆರಡು ವರ್ಷ ಪ್ರತಿ ಕಾರಿನ ಬಾಗಿಲು ಹಾಕಿದರು. ಅವರ ನಂತರ ಒಬ್ಬ ದರ್ಜಿ ಹೆಂಗಸು, ಆಮೇಲೆ ಇಬ್ಬರು ಗಂಡಸರು, ಐದನೆಯವರು ಬಾಗಿಲಕ್ಕ. ನಡುವೆ ಯುದ್ಧ ಬಂದು ಕಾರ್ಖಾನೆ ಆಂಬುಲೆನ್ಸ್ ಮಾಡಿತು. ಸಂಸ್ಥಾಪಕರ ಮೊಮ್ಮಗ ರೇಸಿನ ಕಾರುಗಳ ಹುಚ್ಚು ಹತ್ತಿಸಿಕೊಂಡು ಕಂಪನಿಯನ್ನು ಟ್ರ್ಯಾಕ್ಟರಿನವರಿಗೆ ಮಾರಿದ. ಅವರು ಇನ್ಯಾರಿಗೋ ಮಾರಿದರು. ಎಂಜಿನ್ ಬದಲಾಯಿತು, ಜಾಗ ಬದಲಾಯಿತು, ವಾಲಿಕೊಂಡಿದ್ದ ಗರಿಯನ್ನೂ ಯಾರೋ ನೆಟ್ಟಗೆ ಮಾಡಿದರು. ಬಾಗಿಲು ಹಾಕುವ ಕೆಲಸವೊಂದು ಮಾತ್ರ ನಿಂತಿರಲಿಲ್ಲ.

ಈಗ ನಿಲ್ಲುವ ಹಾಗಿದೆ. ನೂರನೇ ವರ್ಷಕ್ಕೆಂದು ವಿಶೇಷವಾಗಿ ಕಟ್ಟಿದ ಕಾರನ್ನು ನಾಡಿದ್ದು ಭಾನುವಾರ ದೊಡ್ಡ ಸಭೆಯಲ್ಲಿ ಅನಾವರಣ ಮಾಡಬೇಕು. ಅದರ ಮೂರು ಬಾಗಿಲಿಗೆ ಸುನ್ನೆ ಬಿದ್ದಿದೆ. ಎಡಗಡೆ ಹಿಂದಿನದಕ್ಕೆ ಗೀಟಿನ ಮೇಲೆ ಗೀಟು. ಇವತ್ತೂ ಸುನ್ನೆ ಬೀಳದಿದ್ದರೆ ಸದ್ದು ಅಳೆಯುವ ಮೀಟರಿನ ಲೆಕ್ಕದ ಮೇಲೆ ಕಾರನ್ನು ಹೊರಗೆ ಕಳಿಸುತ್ತೇವೆ, ಸೋಮವಾರದಿಂದ ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದು ದೊಡ್ಡ ಸಾಹೇಬರು ನಿನ್ನೆ ನಗುನಗುತ್ತಲೇ ಹೇಳಿದ್ದಾರೆ.

ಎರಡು ಬಸ್ಸು ಬದಲಿಸಿ ಕಾರ್ಖಾನೆ ತಲುಪುವಾಗ ಎಂಟು ಗಂಟೆ. ಶಾಲೆಗೆ ರಜೆ, ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲ, ಹಾಗಾಗಿ ನನ್ನ ಏಳು ವರ್ಷದ ಮಗಳೂ ಜೊತೆಗಿದ್ದಾಳೆ. ದಾರಿಯುದ್ದಕ್ಕೂ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿ ನನ್ನ ಗಂಟಲು ಒಣಗಿದೆ. ಬಾಗಿಲಿನ ಕೋಣೆಯೊಳಗೆ ಮಾತ್ರ ಒಂದೂ ಪ್ರಶ್ನೆ ಕೇಳಬಾರದೆಂದು ಒಪ್ಪಿಸಿ, ಮೂಲೆಯ ಸ್ಟೂಲಿನ ಮೇಲೆ ಕೂರಿಸಿದ್ದಾಯಿತು.

ಬೆಳಿಗ್ಗೆ ಫೋನು ಮಾಡಿದ್ದ ಮೀಟರಿನ ಎಂಜಿನಿಯರ್ ಒಳ್ಳೆಯ ಹುಡುಗ. ಮೂವತ್ತು ದಾಟಿರಲಿಕ್ಕಿಲ್ಲ, ಮೂರು ದಿನದಿಂದ ನಿದ್ದೆ ಮಾಡಿದಂತಿಲ್ಲ. ನನ್ನನ್ನು ಹೊರಗಿನ ಓಣಿಗೆ ಕರೆದು, ದಪ್ಪ ಬಾಗಿಲನ್ನು ಎಳೆದುಕೊಂಡು ಜೇಬಿನಿಂದ ಮೂರು ಚೀಟಿ ತೆಗೆಯುತ್ತಾನೆ. ಕೇಳಿಸಿದ ದೋಷವನ್ನು ಬಾಗಿಲಿನವರು ಬಾಯಲ್ಲಿ ಹೇಳುವ ಹಾಗಿಲ್ಲ, ಬರೆದು ಮಡಿಸಿ ಡಬ್ಬಿಗೆ ಹಾಕಬೇಕು. ಜೋಡಿಸುವವರು ತಾವೇ ಕೇಳಿ ತಾವೇ ಹುಡುಕಬೇಕು. ಮೂರು ಸಲವೂ ಸಿಗದಿದ್ದರೆ ಮಾತ್ರ ಎಂಜಿನಿಯರ್ ಚೀಟಿ ಬಿಚ್ಚಬಹುದು. ನೂರು ವರ್ಷದ ಪದ್ಧತಿ.

"ಬಿಚ್ಚಿದೆ. ನೋಡಿ ಮೇಡಂ," ಎನ್ನುತ್ತಾನೆ. ಮೂರರಲ್ಲೂ ಒಂದೇ ಪದ: ಎರಡು.

"ಏನು ಎರಡು? ಎರಡು ಬಾಗಿಲಾ, ಎರಡು ಗಂಟೆನಾ? ಕೇಳಿದ್ರೆ ಬಾಯಿ ಬಿಡಲ್ಲ. ಬಹುಶಃ ಎರಡು ಸಲ ಸದ್ದು ಅಂತ ಇರಬೇಕು. ಮೀಟರಲ್ಲಿ ಒಂದೇ ಗೆರೆ ಏಳ್ತಿದೆ. ನಮ್ಮ ಆರು ಜನಕ್ಕೆ ಒಂದೇ ಕೇಳಿಸ್ತಿದೆ. ಇವರೊಬ್ಬರಿಗೆ ಎರಡು. ಒಂದು ಮಾತು ಬಾಯ್ಬಿಟ್ಟು ಹೇಳಿದ್ರೆ ನಾವೂ ಹೂಂ ಅಂದು ಏನೋ ಒಂದು ಬಿಚ್ಚಿ ಕಟ್ಟಿ ಮುಗಿಸ್ತಿದ್ವಿ."

ಒಳಗೆ ಹೋಗುವ ಮೊದಲು ನೀರಿನ ನಲ್ಲಿಯ ಹತ್ತಿರ ಬಾಗಿಲಕ್ಕನನ್ನು ಒಬ್ಬರನ್ನೇ ಹಿಡಿದು ಕೇಳಿದೆ. ಹೇಳಿಬಿಟ್ಟರೆ ಏನು ಗಂಟು ಹೋಗುತ್ತದೆ?

ಅವರು ಕೈ ತೊಳೆಯುವುದನ್ನು ನಿಲ್ಲಿಸುವುದಿಲ್ಲ. "ಅದೇ, ಹೂಂ ಅಂತಾರಲ್ಲ, ಅದಕ್ಕೇ. ನಾನು ಹೇಳಿದ ತಕ್ಷಣ ಎಲ್ರಿಗೂ ಕೇಳಿಸಿಬಿಡತ್ತೆ. ಹೌದಕ್ಕಾ ಹೌದಕ್ಕಾ ಅಂತಾರೆ. ಆಮೇಲೆ ಕೆಟ್ಟಿದ್ದು ಬಾಗಿಲೋ ನನ್ನ ಕಿವಿನೋ ಅಂತ ನನಗೆ ಗೊತ್ತಾಗೋದು ಹೇಗಮ್ಮಾ?" ನಲ್ಲಿ ನಿಲ್ಲಿಸುತ್ತಾರೆ. ದನಿ ಇಳಿಯುತ್ತದೆ. "ನಮ್ಮಪ್ಪನಿಗೆ ಕಿವಿ ಕೆಡೋಕೆ ಶುರುವಾಗಿದ್ದು ಐವತ್ತೈದಕ್ಕೆ. ಮೊದಮೊದಲು ಅವರಿಗೆ ಇಲ್ಲದ್ದೆಲ್ಲ ಕೇಳಿಸ್ತಿತ್ತು. ಕೇಳಿಸದೇ ಇದ್ದಿದ್ದು ಆಮೇಲೆ. ಕೆಲಸ ಹೋದ್ರೆ ಹೋಗ್ಲಿ ಬಿಡಿ. ಆದ್ರೆ ಈ ಬಾಗಿಲಿಗೆ ಸುಮ್ಮನೆ ಗೀಟು ಹಾಕಿದ್ರೆ, ಇದಕ್ಕಿಂತ ಮುಂಚೆ ಎಷ್ಟಕ್ಕೆ ಸುಮ್ಮನೆ ಹಾಕಿದೀನೋ. ಎಷ್ಟಕ್ಕೆ ಸುಮ್ಮನೆ ಸುನ್ನೆ ಹಾಕಿದೀನೋ."

ಕೋಣೆಯೊಳಗೆ ಎಲ್ಲರೂ ಗೋಡೆಗೆ ಒತ್ತಿ ನಿಂತಿದ್ದಾರೆ. ಎಂಜಿನಿಯರ್, ಜೋಡಿಸುವ ಇಬ್ಬರು, ಮಗಳ ಸ್ಟೂಲಿನ ಪಕ್ಕದಲ್ಲಿ ನಾನು. ಕಡುನೀಲಿ ಕಾರು ದೀಪದ ಕೆಳಗೆ ನೀರಿನ ಹಾಗೆ ಹೊಳೆಯುತ್ತಿದೆ. ಬಾಗಿಲಕ್ಕ ಮೊದಲು ಸುನ್ನೆ ಬಿದ್ದ ಮೂರು ಬಾಗಿಲುಗಳನ್ನು ಒಂದೊಂದು ಸಲ ಮುಚ್ಚಿ ಕಿವಿ ಹದ ಮಾಡಿಕೊಳ್ಳುತ್ತಾರೆ. ಆಮೇಲೆ ನಾಲ್ಕನೆಯದು. ಜೋರಾಗಿ ಮೂರು, ಮೆಲ್ಲಗೆ ಮೂರು. ದಿಂಬಿನ ಮೇಲೆ ಕೈ ಇಟ್ಟಂಥ ಮೆತ್ತನೆಯ ಸದ್ದು. ಚೀಟಿ ನೋಡಿದ ಮೇಲೆ ನನ್ನ ಕಿವಿಯನ್ನು ನಾನೇ ನಂಬುವಂತಿಲ್ಲ. ಒಂದು ಸಲ ಎರಡೆನ್ನಿಸುತ್ತದೆ, ಇನ್ನೊಂದು ಸಲ ಒಂದೇ. ಕಿರುಬೆರಳಲ್ಲಿ ಮೂರು. ಬೆನ್ನು ತಿರುಗಿಸಿ ಕೊನೆಯದು.

ಸೀಮೆಸುಣ್ಣ ಕೈಗೆ ಬರುತ್ತದೆ, ಗಾಜಿನ ಹತ್ತಿರ ಹೋಗುತ್ತದೆ, ನಿಲ್ಲುತ್ತದೆ. ಬಾಗಿಲಕ್ಕ ಅದನ್ನು ಕೆಳಗಿಟ್ಟು ಹನ್ನೊಂದನೆಯ ಸಲ ಬಾಗಿಲು ಮುಚ್ಚುತ್ತಾರೆ. ಜೋಡಿಸುವವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹನ್ನೊಂದನೆಯ ಸಲ ಎಂಬುದು ಈ ಕೋಣೆಯಲ್ಲಿ ಇಲ್ಲ.

"ಏನಾದ್ರೂ ಕೇಳಿಸ್ತೇನಪ್ಪಾ?" ಎಂದು ಅವರು ಎಂಜಿನಿಯರನ್ನು ಕೇಳುತ್ತಾರೆ.

ಅವನು ನೆಲ ನೋಡುತ್ತಾನೆ. "ಇಲ್ಲಕ್ಕಾ. ನಿಮ್ಮಾಣೆ, ಒಂದೇ."

"ನಿಮಗೇನ್ರೋ?"

ಇಬ್ಬರೂ ಇಲ್ಲವೆಂದು ತಲೆಯಾಡಿಸುತ್ತಾರೆ. ಎಂಜಿನಿಯರ್ ಮೆಲ್ಲಗೆ ಹೇಳುತ್ತಾನೆ, "ಹಾಕ್ಬಿಡಿ ಅಕ್ಕಾ. ಸಾಕಾಗಿದೆ ಎಲ್ರಿಗೂ."

ಬಾಗಿಲಕ್ಕ ಸೀಮೆಸುಣ್ಣವನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಈ ಸಲ ಅದು ಗಾಜನ್ನು ಮುಟ್ಟುತ್ತದೆ, ಬಾಗಿ ತಿರುಗತೊಡಗುತ್ತದೆ. ಸುನ್ನೆಯ ಕಾಲುಭಾಗ. ಅರ್ಧ.

ಆರನೆಯ ಸಲದಿಂದಲೂ ಮಗಳು ನನ್ನ ಸೆರಗು ಎಳೆಯುತ್ತಿದ್ದಾಳೆ. ನಾಲ್ಕು ಸಲ ಕಣ್ಣು ಬಿಟ್ಟದ್ದಾಯಿತು, ಎರಡು ಸಲ ಬಾಯಿಗೆ ಬೆರಳಿಟ್ಟು ತೋರಿಸಿದ್ದಾಯಿತು. ಬಚ್ಚಲಿಗೆ ಹೋಗಬೇಕೇನೋ, ಹಸಿವೇನೋ. ತಾಳ್ಮೆಗೂ ಒಂದು ಮಿತಿಯಿದೆ. ಬಗ್ಗಿ ಅವಳ ಕಿವಿಯಲ್ಲಿ, "ಏನು ಬೇಕು ಬೇಗ ಹೇಳು," ಎನ್ನುತ್ತೇನೆ.

ಅವಳು ನನ್ನನ್ನು ನೋಡುವುದೇ ಇಲ್ಲ. ಸ್ಟೂಲಿನಿಂದ ಇಳಿದು, ಕಾರಿನ ಆ ಮೂಲೆಯವರೆಗೆ ಹೋಗಿ, ಸೀಮೆಸುಣ್ಣ ಹಿಡಿದ ಕೈಯನ್ನೇ ನೋಡುತ್ತಾ ಕೇಳುತ್ತಾಳೆ:

"ಅಜ್ಜೀ, ಇದೊಂದು ಬಾಗಿಲು ಮಾತ್ರ ಯಾಕೆ ಎರಡೆರಡು ಸಲ ಮುಚ್ಕೊಳ್ಳುತ್ತೆ?"