ಒಂದೇ ಕಾರಿನಲ್ಲಿ ಗಂಡ, ಹೆಂಡತಿ ಮತ್ತು ನಾನು

ಬೇರೆಯಾಗಿರುವ ಗಂಡ ಹೆಂಡತಿಯನ್ನು ಒಂದೇ ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಮಹಾ ಬುದ್ಧಿವಂತನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಹೋದ ಮಂಗಳವಾರ ನನ್ನ ಕಾರಿನೊಳಗೆ ಇಣುಕಬೇಕಿತ್ತು.

ಪ್ರಕಾಶ, ಸುಜಾತಾ ಹುಬ್ಬಳ್ಳಿ ಕಡೆಯವರು. ಈಗ ಈ ಪರದೇಶದಲ್ಲಿ, ನಮ್ಮೂರು ಪಿಕರಿಂಗ್‌ನಲ್ಲೇ ಬೇರೆ ಬೇರೆ ಇದ್ದಾರೆ. ಐದು ವರ್ಷದ ಮಗಳನ್ನು ವೀಕೆಂಡಿಗೆ ಸುಜಾತಾಳ ಬೇಸ್‌ಮೆಂಟ್ ಬಾಡಿಗೆ ಮನೆಯ ಬಾಗಿಲಿಗೇ ಬಂದು ಕರೆದೊಯ್ಯುತ್ತೇನೆಂದು ಅವನು. ಬಾಗಿಲಿಗೆ ಬೇಡ, ಲೈಬ್ರರಿಗೆ ಬರಲಿ ಎಂದು ಅವಳು. ಯಾಕೆಂದು ಕೇಳಿದರೆ ಬಾಯಿ ಬಿಡಳು.

ನಾವು ನಾಲ್ಕು ಜನ ‘ಹಿರಿಯರು’ ನಮ್ಮ ಮನೆಯಲ್ಲಿ ಪಂಚಾಯಿತಿ ಮಾಡಿದೆವು. ಇಬ್ಬರನ್ನೂ ಒಂದೇ ಸೋಫಾದಲ್ಲಿ ಕೂರಿಸಿ, ಉಪ್ಪಿಟ್ಟು ಕೊಟ್ಟು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎಂದೆವು. ಸುಜಾತಾ ಉಪ್ಪಿಟ್ಟನ್ನೇ ನೋಡುತ್ತಿದ್ದಳು. ಹುಡುಗಿ ಹಠಮಾರಿ ಎಂದು ತೀರ್ಮಾನಿಸಿದೆವು.

ಕೊನೆಗೆ ಇಬ್ಬರ ಲಾಯರುಗಳೂ ಸೇರಿ ಅವರನ್ನು ದೂರದ ಪೋರ್ಟ್ ಕ್ರೆಡಿಟ್ ಎಂಬ ಊರಿನ ಒಬ್ಬ ಪೇರೆಂಟಿಂಗ್ ಕೋಆರ್ಡಿನೇಟರ್ ಹತ್ತಿರ ಕಳಿಸಿದರು. ಇಂಥ ಜಗಳ ಬಗೆಹರಿಸುವುದು, ಬಗೆಹರಿಯದಿದ್ದರೆ ತಾನೇ ತೀರ್ಪು ಕೊಡುವುದು ಆಕೆಯ ಕೆಲಸ. ಸುಜಾತಾಗೆ ಮಂಗಳವಾರ, ಪ್ರಕಾಶನಿಗೆ ಗುರುವಾರ ಎಂದು ಟೈಮ್ ಕೊಟ್ಟಿದ್ದರು. ಇಬ್ಬರನ್ನೂ ಒಂದೇ ದಿನ ಕರೆಯಲು ಆಫೀಸಿನವರಿಗೆ ಅಷ್ಟೂ ತಲೆ ಬೇಡವೇ?

ಸುಜಾತಾಗೆ ಹೈವೇ ಡ್ರೈವಿಂಗ್ ಬಾರದು. ಅದರ ಮೇಲೆ ಹಿಮ ಬೇರೆ. ಚಿಂತೆ ಮಾಡಲೆಂದೇ ಹುಟ್ಟಿದ ನಾನು (ನಿಮಗೆ ಗೊತ್ತಲ್ಲ) ಡ್ರೈವರ್ ಆದೆ. “ಹೆಂಗೂ ಹೋಗ್ತಿದೀನಿ, ನೀನೂ ಬಾರಪ್ಪ” ಎಂದು ಪ್ರಕಾಶನಿಗೂ ಫೋನ್ ಮಾಡಿದೆ.

“ಅವಳನ್ನ ಕೇಳಿದ್ರಾ?” ಎಂದಳು ನನ್ನ ಹೆಂಡತಿ ನಳಿನಿ.

“ಕೇಳೋದೇನು, ಹಿಂದಿನ ಸೀಟು ಖಾಲಿ ಇದೆಯಲ್ಲ?”

ಅವನು ಮುಂದೆ, ಅವಳು ಹಿಂದೆ. “ಏನಮ್ಮಾ ಸುಜಾತಾ, ಚಳಿ ಆಗ್ತಿದೆಯಾ?” ಎಂದೆ.

“ಇಲ್ರೀ ಅಂಕಲ್, ಆಕಿಗೆ ಚಳಿ ಆಗಂಗಿಲ್ಲ” ಎಂದ ಪ್ರಕಾಶ.

ಎಂಥ ಅನ್ಯೋನ್ಯತೆ! ಮೆಚ್ಚಿಕೊಂಡೆ.

ಮೂವರೂ ಒಟ್ಟಿಗೆ ಬಂದದ್ದನ್ನು ನೋಡಿ ಕೋಆರ್ಡಿನೇಟರ್ ಮುಖ ಬಿಳುಚಿಕೊಂಡಿತು. ನನ್ನನ್ನು ಪಕ್ಕಕ್ಕೆ ಕರೆದರು.

“ನೀವ್ಯಾರು?”

“ಫ್ಯಾಮಿಲಿ ಫ್ರೆಂಡ್.”

“ಯಾರ ಕಡೆ?”

“ಇಬ್ಬರ ಕಡೆಯೂ” ಎಂದೆ, ಎದೆಯುಬ್ಬಿಸಿ.

“ಹಾಗಾದರೆ ಆತನನ್ನು ಈಗಲೇ ಇಲ್ಲಿಂದ ಕರೆದುಕೊಂಡು ಹೋಗಿ. ಮಗುವಿನ ಮಾತು ಆಮೇಲೆ. ಯಾರಿಗಾದರೂ ಯಾರದಾದರೂ ಭಯ ಇದೆಯಾ ಅಂತ ಮೊದಲು ಒಬ್ಬೊಬ್ಬರನ್ನೇ ಕೇಳಬೇಕು.”

“ಭಯ ಗಿಯ ಏನೂ ಇಲ್ಲ ಮೇಡಂ, ಒಳ್ಳೇ ಮನೆತನದವರು” ಎಂದೆ. ಆಕೆ ಬಾಗಿಲು ತೋರಿಸಿದರು. ನನಗೂ.

ಹತ್ತಿರದ ಕಾಫಿ ಅಂಗಡಿಯಲ್ಲಿ ಪ್ರಕಾಶ ಕಪ್ಪು ಮುಟ್ಟಲಿಲ್ಲ. “ಒಂದ್ ತಾಸಾತು. ಇಷ್ಟೊತ್ತು ಒಳಗ ಏನ್ ಹೇಳಾಕತ್ತಾಳ್ರೀ?” ಎಂದು ಮೇಜು ಗುದ್ದಿದ. ಕಾಫಿ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು. ಅಷ್ಟು ಮೆತ್ತಗೆ ಮಾತಾಡುವ ಹುಡುಗ! ನಾನು ಹೆದರಿ ಕುರ್ಚಿ ಹಿಂದೆ ಸರಿಸಿದೆ.

ಆಗ ಸುಜಾತಾಳ ಫೋನ್ ಬಂತು. “ಅಂಕಲ್, ನನಗ ಕಾಯಬ್ಯಾಡ್ರೀ. ನಳಿನಿ ಆಂಟಿಗೆ ಹೇಳೀನಿ, ಅವ್ರು ಬರಾಕತ್ತಾರ.” ಅವಳ ಬಾಯಿಂದ ಇಷ್ಟು ಉದ್ದದ ವಾಕ್ಯವನ್ನು ನಾನು ಕೇಳಿದ್ದು ಅದೇ ಮೊದಲು.

ಗುರುವಾರ ಪ್ರಕಾಶ ತಾನೇ ಹೋಗಿ ಬಂದ. ಮಗಳನ್ನು ಇನ್ನು ಲೈಬ್ರರಿಯಲ್ಲೇ ಒಪ್ಪಿಸುವುದು, ಅವನು ಅವಳ ಬಾಗಿಲಿಗೆ ಹೋಗುವಂತಿಲ್ಲ ಎಂದಾಯಿತಂತೆ. ಸುಜಾತಾ ಒಳಗೆ ಹೇಳಿದ್ದೇನೆಂದು ನನಗೆ ತಿಳಿಯದು. ನಳಿನಿಗೆ ತಿಳಿದಿರಬಹುದು. ಕೇಳಿದರೆ “ಸಾರು ಬಿಸಿ ಮಾಡ್ಲಾ?” ಎನ್ನುತ್ತಾಳೆ.

ಭಾನುವಾರ ಉಳಿದ ಮೂವರು ಹಿರಿಯರೂ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಮಗು ಹೇಗಿದೆ ಎಂದು ಯಾರೂ ಕೇಳಲಿಲ್ಲ. “ಒಳಗೆ ಏನ್ ಹೇಳಿದ್ಳಂತೆ?” ಎಂದೇ ಎಲ್ಲರೂ ಕೇಳಿದ್ದು.

ಪ್ರಕಾಶನ ಪ್ರಶ್ನೆಯನ್ನೇ ಕೇಳುವ ನಮ್ಮ ಮುಂದೆ ಅವಳು ಯಾವ ಧೈರ್ಯದ ಮೇಲೆ ಬಾಯಿ ಬಿಡಬೇಕಿತ್ತು?