ಬಂದೂಕಿನ ಬೀಗದ ಕೈ

ನನ್ನ ಹತ್ತಿರ ಒಂದು ಬಂದೂಕಿದೆ ಎಂದು ಹೇಳಿದರೆ ಜನ ಮೊದಲು ನೋಡುವುದು ನನ್ನ ಹೊಟ್ಟೆಯನ್ನು. ಆಮೇಲೆ ಕನ್ನಡಕವನ್ನು. ಆಮೇಲೆ ನಗುತ್ತಾರೆ. ಅವರ ತಪ್ಪೇನಿಲ್ಲ ಬಿಡಿ. ಮನೆಯೊಳಗೆ ಜೇಡ ಬಂದರೆ ಅದರ ಮೇಲೆ ಲೋಟ ಬೋರಲು ಹಾಕಿ, ಅಡಿಗೆ ಒಂದು ರಟ್ಟು ತೂರಿಸಿ, ಹಿತ್ತಲಿಗೆ ಹೋಗಿ ಬಿಟ್ಟು ಬರುವ ಆಸಾಮಿ ನಾನು. ಮೊಟ್ಟೆ ಹಾಕಿದ ಕೇಕನ್ನು ತಿನ್ನಲೋ ಬೇಡವೋ ಎಂದು ಇವತ್ತಿಗೂ ಎರಡು ನಿಮಿಷ ಯೋಚಿಸುತ್ತೇನೆ. ಇಂಥವನಿಗೆ ಬಂದೂಕು ಯಾಕೆ ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕೊಂಡ ದಿನದಿಂದ ಹುಡುಕುತ್ತಿದ್ದೇನೆ. ಬರೆಯುತ್ತ ಬರೆಯುತ್ತ ಎಲ್ಲಾದರೂ ಸಿಕ್ಕೀತೇನೋ ಎಂದು ಈಗ ಬರೆಯಲು ಕೂತಿದ್ದೇನೆ.

ಈ ಹುಚ್ಚು ಹಿಡಿಸಿದವರು ಹೆಂಕ್ ಎಂಬ ಹಿರಿಯರು. ಡಚ್ಚರ ನಾಡಿನ ವೆಲ್ಡ್‌ಹೋವನ್‌ನಲ್ಲಿ ನಾನಿರುವ ಆಫೀಸಿನಲ್ಲೇ ನಿವೃತ್ತಿಯ ಅಂಚಿನಲ್ಲಿದ್ದ ತಂತ್ರಜ್ಞರು. ಒಂದು ಶನಿವಾರ ತಮ್ಮ ಕ್ಲಬ್ಬಿಗೆ ಕರೆದುಕೊಂಡು ಹೋದರು. ಕ್ಲಬ್ಬೆಂದರೆ ಬ್ಯಾಡ್ಮಿಂಟನ್ನೋ ಇಸ್ಪೀಟೋ ಇರಬೇಕೆಂದುಕೊಂಡು ನಾನು ಟ್ರ್ಯಾಕ್ ಪ್ಯಾಂಟಿನಲ್ಲಿ ಹೋಗಿದ್ದೆ. ಅಲ್ಲಿ ನೋಡಿದರೆ ಏಳೆಂಟು ಅಜ್ಜಂದಿರು ಸಾಲಾಗಿ ಕೂತು ಹಳೇ ರೈಫಲ್ಲುಗಳಿಗೆ ಎಣ್ಣೆ ಹಚ್ಚುತ್ತಿದ್ದಾರೆ! ಒಂದು ಸ್ವೀಡನ್ನಿನದು, ಒಂದು ಸ್ವಿಟ್ಜರ್‌ಲೆಂಡಿನದು, ಒಂದು ಜರ್ಮನಿಯದು. ಯುದ್ಧಗಳು ಮುಗಿದ ಮೇಲೆ ಸೈನ್ಯಗಳು ಬೇಡವೆಂದು ಮಾರಿಬಿಟ್ಟ ಮಾಲು. ಒಂದು ಕಾಲಕ್ಕೆ ಬೇರೆ ಬೇರೆ ಗಡಿ ಕಾದಿದ್ದವು ಇಲ್ಲಿ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದ್ದವು. "ನಮ್ಮದು ಮುದಿ ಸಿಪಾಯಿಗಳ ಆಶ್ರಮ" ಎಂದರು ಹೆಂಕ್. ಅವರು ಹೇಳಿದ್ದು ಬಂದೂಕುಗಳ ಬಗ್ಗೆಯೋ ಅಜ್ಜಂದಿರ ಬಗ್ಗೆಯೋ ನನಗೆ ತಿಳಿಯಲಿಲ್ಲ.

ಈ ಬಗೆಯ ರೈಫಲ್ಲಿನ ಸ್ವಾರಸ್ಯವಿರುವುದು ಅದರ ಬೋಲ್ಟಿನಲ್ಲಿ. ಬೋಲ್ಟ್ ಎಂದರೆ ನಮ್ಮ ಬಚ್ಚಲುಮನೆಯ ಚಿಲಕವೇ, ಬೇರೇನಲ್ಲ. ಮೇಲಕ್ಕೆತ್ತು, ಹಿಂದಕ್ಕೆಳೆ, ಮುಂದಕ್ಕೆ ತಳ್ಳು, ಕೆಳಕ್ಕೆ ಮಲಗಿಸು. ಒಂದು ಗುಂಡು ಹೊಡೆಯಲು ಒಂದು ಸಲ ಬಾಗಿಲು ತೆಗೆದು ಹಾಕಬೇಕು. ಈಗಿನ ಬಂದೂಕುಗಳು ಕಣ್ಣು ಮಿಟುಕಿಸುವುದರೊಳಗೆ ಮೂವತ್ತು ಉಗುಳುತ್ತವಂತೆ, ಇದು ಹಾಗಲ್ಲ. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಮನುಷ್ಯ ಮನಸ್ಸು ಬದಲಾಯಿಸಬಹುದು. ಈ ಮಾತನ್ನು ಹೆಂಕ್ ಮುಂದೆ ಹೇಳಿದೆ. ಅವರು ಗಂಭೀರವಾಗಿ, "ಬದಲಾಯಿಸಿದವರು ಕಡಿಮೆ" ಎಂದರು. ನನ್ನ ತತ್ತ್ವಜ್ಞಾನ ಅಲ್ಲಿಗೇ ನಿಂತಿತು.

ನೂರು ಮೀಟರ್ ದೂರದಲ್ಲಿ ಒಂದು ಕಾಗದ. ನಾನು ಹೊಡೆದ ಮೊದಲ ಐದು ಗುಂಡುಗಳಲ್ಲಿ ಮೂರು ನನ್ನ ಕಾಗದಕ್ಕೂ ಒಂದು ಪಕ್ಕದವರ ಕಾಗದಕ್ಕೂ ಬಿದ್ದವು. ಐದನೆಯದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ಹೆಗಲು ವಾರವಿಡೀ ನೀಲಿಗಟ್ಟಿತ್ತು. ಆದರೆ ಗುಂಡು ಹಾರುವ ಮುಂಚಿನ ಆ ಎರಡು ಕ್ಷಣ, ಉಸಿರು ಅರ್ಧ ಬಿಟ್ಟು ಅರ್ಧ ಹಿಡಿದಾಗ, ತಲೆಯೊಳಗೆ ಒಂದೂ ಯೋಚನೆ ಇರಲಿಲ್ಲ. ಆಫೀಸು, ಇಎಂಐ, ಪರ್ಮಿಟ್ಟು, ಯಾವುದೂ ಇಲ್ಲ. ಹತ್ತು ವರ್ಷ ಪ್ರಾಣಾಯಾಮ ಮಾಡಿದರೂ ಸಿಗದಿದ್ದದ್ದು ಅಲ್ಲಿ ಸಿಕ್ಕಿತು. ಅಹಿಂಸೆಯ ಯೋಗದಿಂದ ದಕ್ಕದ ಶಾಂತಿ ಕೊಲ್ಲಲೆಂದೇ ಮಾಡಿದ ಸಾಮಾನಿನಿಂದ ದಕ್ಕಿದರೆ ಮನುಷ್ಯ ಏನೆಂದುಕೊಳ್ಳಬೇಕು, ನೀವೇ ಹೇಳಿ.

ಆಮೇಲೆ ಒಂದು ದಿನ ಹಳೇ ಬಂದೂಕು ಮಾರುವವರೊಬ್ಬರ ಅಂಗಡಿಯಲ್ಲಿ ಅದು ಕಾಣಿಸಿತು. ತ್ರೀ ನಾಟ್ ತ್ರೀ. ನಮ್ಮ ಊರುಗಳಲ್ಲಿ ಇದನ್ನು ನೋಡದವರುಂಟೇ? ಮೈಸೂರಿನಲ್ಲಿ ನಾನು ಚಿಕ್ಕವನಿದ್ದಾಗ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಪೊಲೀಸಪ್ಪನ ತೊಡೆಸಂದಿಯಲ್ಲಿ ಇದೇ ನಿಂತಿರುತ್ತಿತ್ತು. ಮೈಯೆಲ್ಲ ಮರ, ಮೂತಿ ಮೊಂಡ. ಅಂಗಡಿಯವರು ತಿರುಗಿಸಿ ತೋರಿಸಿದರು; ಬಂಗಾಳದ ಕಾರ್ಖಾನೆಯೊಂದರ ಮುದ್ರೆ ಇತ್ತು. ಪರದೇಶದ ಸಂತೆಯ ಗದ್ದಲದಲ್ಲಿ ಯಾರೋ ಕನ್ನಡದಲ್ಲಿ "ಲೇ, ಕೊತ್ತಂಬರಿ ತಗೊಂಡ್ಯಾ?" ಎಂದದ್ದು ಕಿವಿಗೆ ಬಿದ್ದಂತಾಯಿತು. ನಾನೂ ಪರದೇಶಿ, ಅದೂ ಪರದೇಶಿ, ಇಬ್ಬರೂ ಪರ್ಮಿಟ್ ಮೇಲೆ ಇರಬೇಕಾದವರು. ಬಿಟ್ಟು ಬರಲು ಮನಸ್ಸಾಗಲಿಲ್ಲ.

ಹಾಗೆಂದು ಅದೇ ದಿನ ಮನೆಗೆ ತರಲಾಗುತ್ತದೆಯೇ? ಈ ದೇಶದಲ್ಲಿ ಬಂದೂಕಿನ ಪರವಾನಗಿಗಿಂತ ಹೆಣ್ಣು ಕೇಳುವುದು ಸುಲಭ. ಕ್ಲಬ್ಬಿನಲ್ಲಿ ಒಂದು ವರ್ಷ ಒಳ್ಳೆಯವನಾಗಿರಬೇಕು. ನನ್ನ ಮೇಲೆ ಕೇಸಿಲ್ಲವೆಂದು ಸರ್ಕಾರದಿಂದ ಕಾಗದ ತರಬೇಕು. ಇವನು ಸಂಭಾವಿತ ಎಂದು ಹೇಳುವ ಮೂವರು ಬೇಕು. ಕೊನೆಗೆ ಕಂಪ್ಯೂಟರ್ ಮುಂದೆ ಕೂತು ಮನಸ್ಸಿನ ಪರೀಕ್ಷೆ. ಬೇರೆಯವರು ನಿಮ್ಮ ಮಾತು ಕೇಳದಿದ್ದರೆ ನಿಮಗೆ ಕೋಪ ಬರುತ್ತದೆಯೇ ಎನ್ನುವ ಥರದ ಪ್ರಶ್ನೆಗಳು. ಮದುವೆಯಾಗಿ ಹದಿನಾಲ್ಕು ವರ್ಷವಾದವನನ್ನು ಇದನ್ನು ಕೇಳಬಹುದೇ? ನನ್ನ ಮಾತು ಕೇಳಿದವರೇ ಇಲ್ಲದ್ದರಿಂದ ಹೋಲಿಸಿ ನೋಡಲು ದಾರಿಯಿರಲಿಲ್ಲ. ಏನೋ ಒತ್ತಿ ಬಂದೆ. ಪಾಸಾದೆ.

ಕೊನೆಯ ಷರತ್ತು ಲಾಕರಿನದು. ರೈಫಲ್ಲನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಗೋಡೆಗೆ ಬಿಗಿದು, ಅದರ ಬೀಗದ ಕೈ ನನ್ನೊಬ್ಬನ ವಶದಲ್ಲೇ ಇರಬೇಕು. ಹೆಂಡತಿಗೂ ಸಿಗಕೂಡದು. ಪೊಲೀಸರು ಯಾವಾಗ ಬೇಕಾದರೂ ಬಂದು ನೋಡಬಹುದು. ಎಲ್ಲಕ್ಕೂ ತಲೆಯಾಡಿಸಿ ಸಹಿ ಹಾಕಿದೆ.

ಇಲ್ಲಿ ನನ್ನ ಹೆಂಡತಿ ಗಿರಿಜಾಳ ಬಗ್ಗೆ ಹೇಳಬೇಕು. ಧಾರವಾಡದವಳು. ರೈಫಲ್ಲನ್ನು ಅವಳು ಮೊದಲ ದಿನ ನೋಡಿ, "ಮನ್ಯಾಗ ನೆಟ್ಟಗ ಒಂದ್ ಮೊಳಿ ಹೊಡಿಯಾಕ ಬರೂದಿಲ್ಲ, ಗುಂಡ್ ಹೊಡೀತಾರಂತ" ಎಂದು ಒಳಗೆ ಹೋದಳು. ಆದರೆ ಲಾಕರ್ ನೋಡಿದಾಗ ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಇಲ್ಲಿ ನಮ್ಮೂರಿನ ಹಾಗೆ ಬ್ಯಾಂಕ್ ಲಾಕರು ಸುಲಭಕ್ಕೆ ಸಿಗದು. ಅವಳ ಪಾಟ್ಲಿ, ಬಿಲ್ವಾರ, ಬೋರಮಾಳ ಸರ ಎಲ್ಲ ಅಕ್ಕಿ ಡಬ್ಬಿಯ ತಳದಲ್ಲಿದ್ದವು. ಅರ್ಧ ಗಂಟೆಯೊಳಗೆ ಅವು ತ್ರೀ ನಾಟ್ ತ್ರೀಯ ಪಾದದ ಬಳಿ ಕೆಂಪು ಮಖಮಲ್ಲಿನ ಚೀಲದಲ್ಲಿ ಕೂತವು. ಮರುವಾರ ರಜೆಗೆ ಊರಿಗೆ ಹೊರಟ ಪಕ್ಕದ ಬೀದಿಯವರ ಬಂಗಾರವೂ ಬಂತು. ಲಾಕರಿನೊಳಗೆ ಬಂದೂಕಿದೆಯೋ ಬಂಗಾರದ ಕಾವಲಿಗೆ ಸಿಪಾಯಿಯಿದ್ದಾನೋ ಎಂದು ನನಗೇ ಗೊಂದಲವಾಯಿತು. ಬೇಕಾದಾಗೆಲ್ಲ ನಾನು ತೆಗೆದು ಕೊಡುತ್ತಿದ್ದೆ. ಬೀಗದ ಕೈಯ ಮಾತು ನಮ್ಮ ನಡುವೆ ಬರಲೇ ಇಲ್ಲ.

ಬಂದದ್ದು ಹೋದ ವರ್ಷ, ನಾನು ಕೆಲಸದ ಮೇಲೆ ತೈವಾನಿನಲ್ಲಿದ್ದಾಗ. ಗಿರಿಜಾಳ ತಂಗಿ ಸವಿತಾಳ ಮದುವೆ ಮುಂದಿನ ತಿಂಗಳು ಎಂದಿತ್ತು. ವರನಿಗೆ ರಜೆ ಸಿಗದೆಂದು ಮೂರು ವಾರ ಮೊದಲೇ ಎಂದಾಯಿತು. ಗಿರಿಜಾ ಮರುದಿನವೇ ವಿಮಾನ ಹತ್ತಬೇಕು. ನಾನು ತೈವಾನಿನಿಂದ ನೇರ ಮದುವೆಗೆ ಹೋಗುವುದು. ಊಟದ ಹೊತ್ತಿಗೆ ಫೋನು ಬಂತು.

"ರೀ, ಲಾಕರಿನ ಕೀಲಿಕೈ ಎಲ್ಲಿಟ್ಟೀರಿ?"

ಎಷ್ಟು ಸಣ್ಣ ಪ್ರಶ್ನೆ! ನಾನು ಅಷ್ಟೇ ಸಣ್ಣ ಉತ್ತರ ಕೊಟ್ಟಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಹೇಳಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ರೈಫಲ್ಲೇನು ಚಾಡಿ ಹೇಳುತ್ತದೆಯೇ? ಆದರೆ ನನ್ನ ಬಾಯಿಂದ ಬಂದದ್ದು, "ಅದು... ಕಾನೂನು ಪ್ರಕಾರ ಹೇಳೋ ಹಾಗಿಲ್ಲ ಗಿರಿಜಾ" ಎಂಬ ಮಾತು.

"ನಾ ನಿಮ್ಮ ಬಂದೂಕ್ ಮುಟ್ಟೂದಿಲ್ಲರಿ. ನನ್ನ ಬಂಗಾರ ತಗೊಂಡು ಹೋಗ್ತೀನಿ."

"ಅದಲ್ಲ, ನಾಳೆ ಪೊಲೀಸಿನೋರು ಬಂದು ಕೇಳಿದ್ರೆ ನಾನು ಸುಳ್ಳು ಹೇಳ್ಬೇಕಾಗತ್ತೆ. ನಂಗೆ ಸುಳ್ಳು ಹೇಳಕ್ಕೆ ಬರಲ್ಲ ಅಂತ ನಿಂಗೇ ಗೊತ್ತಲ್ಲ."

"ನನ್ನ ತಂಗೀ ಮದವಿ ಅದರಿ."

ಮೂರನೆಯ ಸಲ ಕೇಳಿದಾಗಲೂ ನಾನು ಪರವಾನಗಿ ರದ್ದಾಗುವ ಬಗ್ಗೆ ಏನೋ ಬಡಬಡಿಸಿದೆ. ಆಮೇಲೆ "ಆತು ಬಿಡ್ರಿ" ಎಂದಳು. ಧಾರವಾಡದವರು ಬೈಯುವಾಗ ಹೆದರಬೇಕಿಲ್ಲ, ಆತು ಬಿಡ್ರಿ ಎಂದಾಗ ಹೆದರಬೇಕು. ನಾನು ಕಾನೂನಿಗೆ ಹೆದರಿದೆನೋ, ರೈಫಲ್ಲು ಕೈತಪ್ಪೀತೆಂದು ಹೆದರಿದೆನೋ, ಅಥವಾ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಬಳಿ ಇಲ್ಲದ ಬೀಗದ ಕೈಯೊಂದು ನನ್ನ ಬಳಿ ಇದೆಯೆಂಬ ಜಂಬವೋ? ಮೂರನೆಯದೂ ಇತ್ತೇನೋ. ನೆನೆದರೆ ನಾಚಿಕೆಯಾಗುತ್ತದೆ.

ಮದುವೆಯ ದಿನ ಧಾರವಾಡದ ಕಲ್ಯಾಣಮಂಟಪದಲ್ಲಿ ಅವಳನ್ನು ನೋಡಿದೆ. ಹಸಿರು ಇಳಕಲ್ ಸೀರೆ, ಕೊರಳಲ್ಲಿ ಯಾರಿಂದಲೋ ಎರವಲು ತಂದ ನಕಲಿ ಸರ. ವಧುವಿನ ಅಕ್ಕ! ಅದು ಫಳಫಳ ಹೊಳೆಯುತ್ತಿತ್ತು, ನಿಜವಾದದ್ದು ಎಂದೂ ಅಷ್ಟು ಹೊಳೆಯುವುದಿಲ್ಲ. ಹೆಂಗಸರ ಗುಂಪಿನಲ್ಲಿ ಪಿಸುಮಾತು: "ಅಳಿಯಾ ಬಂಗಾರ ಮಾರ‍್ಯಾನೇನು?" ನನಗೆ ತಡೆಯಲಾಗದೆ ಅವಳ ದೊಡ್ಡಪ್ಪನ ಬಳಿ ಹೋಗಿ, ಹಾಗೇನಿಲ್ಲ, ಬಂಗಾರ ಬಂದೂಕಿನ ಪೆಟ್ಟಿಗೆಯಲ್ಲಿದೆ ಎಂದು ವಿವರಿಸಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಊಟದ ಎರಡನೆಯ ಪಂಕ್ತಿ ಏಳುವಷ್ಟರಲ್ಲಿ ನಾನು ಡಚ್ ಸೈನ್ಯ ಸೇರಿದ್ದೆ. ಹೋಳಿಗೆ ಬಡಿಸುವವರು ನನಗೆ ಒಂದು ಹೆಚ್ಚೇ ಹಾಕಿದರು. ಗಿರಿಜಾ ಎಲ್ಲರೊಡನೆ ನಗುನಗುತ್ತ ಓಡಾಡಿದಳು, ನನ್ನೊಡನೆಯೂ. ಬೀಗದ ಕೈಯ ಸುದ್ದಿ ಎತ್ತಲಿಲ್ಲ. ಮನೆಗೆ ಬಂದ ಮೇಲೆ ನಾನು ಲಾಕರ್ ತೆಗೆದು ಮಖಮಲ್ ಚೀಲ ಕೊಟ್ಟೆ. ಅದು ಅಕ್ಕಿ ಡಬ್ಬಿಗೆ ಮರಳಿತು. ಅವಳು ಮತ್ತೆ ಆ ಲಾಕರಿನ ಕಡೆ ತಲೆ ಹಾಕಲಿಲ್ಲ. ಒಳಗೆ ತ್ರೀ ನಾಟ್ ತ್ರೀ ಒಂದೇ ಉಳಿಯಿತು. ನಾನು ಮುಂದಿನ ಎರಡು ಶನಿವಾರ ಕ್ಲಬ್ಬಿಗೆ ಹೋದೆ. ಆ ಎರಡು ಕ್ಷಣದ ಶಾಂತಿ ಸಿಗಲಿಲ್ಲ. ಗುಂಡುಗಳೆಲ್ಲ ಪಕ್ಕದವರ ಕಾಗದಕ್ಕೆ ಬಿದ್ದವು.

ಮೊನ್ನೆ ಶನಿವಾರ ಬೆಳಗ್ಗೆ ಗಿರಿಜಾ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಹೇಳದೆ ಕೇಳದೆ ಬಂದ ಪೊಲೀಸ್ ಅಧಿಕಾರಿ, ಎತ್ತರದ ಹೆಣ್ಣುಮಗಳು. ಒಗ್ಗರಣೆ ಘಾಟಿಗೆ ಮೂರು ಸಲ ಸೀನಿ, ಕ್ಷಮೆ ಕೇಳಿ, ಲಾಕರ್ ನೋಡಿದರು. ರೈಫಲ್ಲಿನ ಮೇಲಿನ ಅಂಕಿಯನ್ನು ಕಾಗದದ ಅಂಕಿಯ ಜೊತೆ ಹೋಲಿಸಿದರು. ಗುಂಡುಗಳ ಪೆಟ್ಟಿಗೆ ಬೇರೆಯಿದೆಯೇ ಎಂದು ನೋಡಿದರು. ಈ ಲಾಕರಿನ ಬೀಗದ ಕೈ ಬೇರೆ ಯಾರಿಗಾದರೂ ಸಿಗುತ್ತದೆಯೇ ಎಂದು ಕೇಳಿದರು. ಇಲ್ಲವೆಂದೆ. ಅವರು ಗಿರಿಜಾಳತ್ತ ತಿರುಗಿ, "ಮೇಡಂ, ನಿಮಗೆ?" ಎಂದರು.

ಗಿರಿಜಾಳ ಡಚ್ ನನ್ನದಕ್ಕಿಂತ ಚೆನ್ನಾಗಿದೆ. ಸೌಟು ಕೆಳಗಿಟ್ಟು ಸ್ಪಷ್ಟವಾಗಿ ಹೇಳಿದಳು: "ನನ್ನ ಒಡಹುಟ್ಟಿದ ತಂಗಿಯ ಮದುವೆಗೆ ಬೇಕಿದ್ದ ನನ್ನ ಒಡವೆ ಇದರೊಳಗಿತ್ತು. ಮೂರು ಸಲ ಕೇಳಿದೆ. ಇವರು ಕೀಲಿಕೈ ಕೊಡಲಿಲ್ಲ."

ಅಧಿಕಾರಿ ನನ್ನನ್ನು ನೋಡಿದರು. ಆ ನೋಟದಲ್ಲಿದ್ದದ್ದು ಮೆಚ್ಚುಗೆಯೋ ಅಸಹ್ಯವೋ ನಾನು ಇನ್ನೂ ತೀರ್ಮಾನಿಸಿಲ್ಲ. ಎಲ್ಲ ಸರಿಯಾಗಿದೆ ಎಂದು ಬರೆದುಕೊಂಡು, ಗಿರಿಜಾಳ ಕೈಯನ್ನು ತುಸು ಹೆಚ್ಚು ಹೊತ್ತು ಕುಲುಕಿ ಹೋದರು. ನನ್ನ ಬಗ್ಗೆ ಈ ದೇಶದಲ್ಲಿ ಯಾರಾದರೂ ಕೊಟ್ಟ ಅತಿ ಒಳ್ಳೆಯ ಪ್ರಮಾಣಪತ್ರ ಅದು. ಕೊಟ್ಟವಳು ನಾನು ನೋಯಿಸಿದವಳು.

ಬಾಗಿಲು ಹಾಕಿ ಬಂದು, "ಬಚಾವ್ ಮಾಡಿದೆ ಮಾರಾಯ್ತಿ" ಎಂದೆ.

"ನಾ ಏನ್ ಬಚಾವ್ ಮಾಡ್ಲಿಲ್ಲ. ನೀವು ಕೊಡ್ಲಿಲ್ಲ ಅಂತ ಹೇಳಿದೆ. ನನಗ ಗೊತ್ತಿಲ್ಲಂತ ಎಲ್ಲೆ ಹೇಳಿದೆ?"

ನನಗೆ ಅರ್ಥವಾಗಲಿಲ್ಲ. ಅವಳು ಅವಲಕ್ಕಿ ಕಲಸುತ್ತಲೇ, "ನಮ್ಮ ಮದವ್ಯಾಗ ನೀವು ಹಾಕ್ಕೊಂಡ ಮೈಸೂರು ಪೇಟಾ. ಅದರ ಮಡಿಕ್ಯಾಗ ಅದ ಕೀಲಿಕೈ. ವರ್ಷಕ್ಕೊಮ್ಮೆ ಆ ಪೇಟಾ ಬಿಸಲಿಗೆ ಹಾಕಾಕಿ ಯಾರ್ರಿ?" ಎಂದಳು.

ನಾನು ಕುರ್ಚಿಯಲ್ಲಿ ಕೂತೆ. "ಅಂದ್ರೆ ಅವತ್ತು ಫೋನ್ ಮಾಡ್ದಾಗ..."

"ಅವತ್ತೂ ಗೊತ್ತಿತ್ತು."

"ಮತ್ತೆ ತೆಗೀಬೋದಿತ್ತಲ್ಲ!"

"ತಗೀತಿದ್ನೋ ಬಿಡ್ತಿದ್ನೋ, ಅದು ಬ್ಯಾರೆ ಮಾತು. ನೀವು ಹೇಳ್ತೀರೇನಂತ ನೋಡಿದೆ." ಇಷ್ಟು ಹೇಳುವಾಗ ಅವಳ ದನಿ ಒಡೆಯಿತು. ಅವಳು ಕೂಡಲೇ ಅವಲಕ್ಕಿಗೆ ಉಪ್ಪು ಸಾಕೇ ಎಂದು ನೋಡಿದಳು.

ನಾನು ಹೇಳಬೇಕಾದ ಮಾತು ಒಂದೇ ಇತ್ತು, ಅದನ್ನು ಹೇಳಿದೆ. ತಪ್ಪಾಯಿತು ಎಂದೆ. ತಟ್ಟೆಗೆ ಅವಲಕ್ಕಿ ಹಾಕಿ ನನ್ನ ಮುಂದಿಟ್ಟಳು. ತಿಂದಾದ ಮೇಲೆ ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತಳು. ಹೊರಗೆ ಕಿವಿ ಕಿತ್ತುಹೋಗುವ ಗಾಳಿ.

"ಎಲ್ಲಿಗೆ?"

"ಈಗ ನನಗ ಗೊತ್ತದ ಅಂತ ನಿಮಗೂ ಗೊತ್ತಾತಲ್ಲ. ಕಾನೂನ್ ಪ್ರಕಾರ ಜಾಗಾ ಬದಲಿ ಮಾಡಬೇಕು. ನಾ ಅಡ್ಡ್ಯಾಡಿ ಬರ್ತೀನಿ. ಅರ್ಧಾ ತಾಸು ಸಾಕಲ್ಲ?"

ಹೋದಳು. ನಾನು ಪೇಟದ ಮಡಿಕೆಯಿಂದ ಬೀಗದ ಕೈ ತೆಗೆದು ಮನೆಯೆಲ್ಲ ಸುತ್ತಿದೆ. ಪುಸ್ತಕದ ಹಿಂದೆ? ಪುಸ್ತಕ ಒರೆಸುವವಳು ಅವಳು. ಬೂಟಿನೊಳಗೆ? ಜೋಡಿಸಿಡುವವಳು ಅವಳು. ದೇವರ ಫೋಟೋ ಹಿಂದೆ, ಸೈಕಲ್ಲಿನ ಚೀಲದಲ್ಲಿ, ನನ್ನ ಕಾಗದಪತ್ರಗಳ ಫೈಲಿನಲ್ಲಿ. ಹನ್ನೆರಡು ವರ್ಷದಿಂದ ಇರುವ ಮನೆ ಇದು. ಇದರಲ್ಲಿ ನನಗೆ ಗೊತ್ತಿದ್ದು ಅವಳಿಗೆ ಗೊತ್ತಿಲ್ಲದ ಒಂದೇ ಒಂದು ಜಾಗವೂ ಇರಲಿಲ್ಲ. ಕಿಟಕಿಯಿಂದ ನೋಡಿದರೆ ಅವಳು ಬೀದಿಯ ಕೊನೆಯಲ್ಲಿ, ನನ್ನ ಕಾನೂನಿಗಾಗಿ, ಸೆರಗನ್ನು ಕಿವಿಗೆ ಸುತ್ತಿಕೊಂಡು ಆ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದಳು. ಅರ್ಧ ಗಂಟೆ ಕಳೆದು ಮೂಗು ಕೆಂಪಾಗಿ ಅವಳು ಒಳಗೆ ಬಂದಾಗ, ಬೀಗದ ಕೈ ಇನ್ನೂ ನನ್ನ ಅಂಗೈಯಲ್ಲೇ ಇತ್ತು.